ಇಂಪ್ಲಾಂಟ್ ಹಲ್ಲು: ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಕಂಪನಿಯ ಇಂಪ್ಲಾಂಟ್ ಒಳ್ಳೆಯದು’ ಎಂದು ಕೇಳಿವೆ. ಕಂಪನಿಯ ವಿಷಯ ಎರಡನೇ ಉತ್ತರದಲ್ಲಿದೆ. ಆದರೆ ಇಂಪ್ಲಾಂಟ್, ಅಂದರೆ ದವಡೆ ಮೂಳೆಯಲ್ಲಿ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಹಲ್ಲು, ನಿಲ್ಲುವುದೂ ಕೆಡುವುದೂ ಬಹುಪಾಲು ದವಡೆ ಮೂಳೆ, ಅದಕ್ಕೆ ಕೊಡುವ ಸಮಯ, ಆಮೇಲಿನ ಶುಚಿ ಈ ಮೂರರ ಮೇಲೆ. ಉತ್ತರಗಳಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 46 ವರ್ಷ. ಕೆಳಗಿನ ಬಲಗಡೆಯ ದೊಡ್ಡ ದವಡೆ ಹಲ್ಲು ಹುಳುಕಾಗಿ ಎಂಟು ತಿಂಗಳ ಹಿಂದೆ ಕೀಳಿಸಿದೆ. ಅಕ್ಕಪಕ್ಕದ ಹಲ್ಲುಗಳು ಗಟ್ಟಿಯಾಗಿವೆ. ಒಬ್ಬ ಡಾಕ್ಟರು ಬ್ರಿಡ್ಜ್ ಸಾಕು ಅಂದರು, ಇನ್ನೊಬ್ಬರು ಇಂಪ್ಲಾಂಟೇ ಸರಿ ಅಂದರು. ಇಂಪ್ಲಾಂಟ್‌ನಲ್ಲಿ ಏನೇನು ಮಾಡ್ತಾರೆ?
– ತುಮಕೂರಿನ ಓದುಗರು

ಉತ್ತರ: ಅಕ್ಕಪಕ್ಕದ ಹಲ್ಲುಗಳು ಗಟ್ಟಿಯಾಗಿವೆ ಎಂದು ಬರೆದಿದ್ದೀರಿ. ಹಾಗಿದ್ದರೆ ನಮ್ಮ ಒಲವು ಇಂಪ್ಲಾಂಟ್ ಕಡೆಗೆ. ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಎರಡೂ ಹಲ್ಲುಗಳಿಗೆ ಕ್ಯಾಪ್ ಹಾಕಿ, ಖಾಲಿ ಜಾಗದ ಹಲ್ಲನ್ನು ಅವುಗಳ ನಡುವೆ ಜೋಡಿಸುವುದು. ಅದನ್ನು ಕೂರಿಸಲು ಆ ಎರಡೂ ಹಲ್ಲುಗಳನ್ನು ಸುತ್ತಲೂ 1ರಿಂದ 2 ಮಿಲಿಮೀಟರ್ ಉಜ್ಜಿ ಸಣ್ಣದು ಮಾಡಬೇಕು. ಹಾಗೆ ಉಜ್ಜಿದ ಹಲ್ಲಿಗೆ ಮುಂದೆ ರೂಟ್ ಕೆನಾಲ್ ಬೇಕಾಗುವುದುಂಟು, ಬ್ರಿಡ್ಜಿನ ಅಂಚಿನಡಿ ಹುಳುಕು ಹಿಡಿದರೆ ಮೂರೂ ಒಟ್ಟಿಗೆ ಹಾಳು. ಆ ಹಲ್ಲುಗಳಿಗೆ ಈಗಾಗಲೇ ಕ್ಯಾಪ್ ಹಾಕಿದ್ದರೆ ಬ್ರಿಡ್ಜ್ ಅಂದವರ ಮಾತೇ ಸರಿ ಅನ್ನುತ್ತಿದ್ದೆವು.

ಇಂಪ್ಲಾಂಟಿಗೆ ಮೂರು ಭಾಗ. ಬೇರಿನ ಬದಲು ಮೂಳೆಯೊಳಗೆ ಕೂರುವ ಟೈಟೇನಿಯಂ ಸ್ಕ್ರೂ, ಅದರ ತಲೆಗೆ ಬಿಗಿಯುವ ಅಬಟ್‌ಮೆಂಟ್ ಎಂಬ ಗೂಟ, ಅದರ ಮೇಲೆ ಕ್ಯಾಪ್. ಟೈಟೇನಿಯಂಗೆ ಮೂಳೆ ನೇರವಾಗಿ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯಲ್ಲಿ ಕಂಡರು. 1965ರಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ದವಡೆಗೆ ಹಾಕಿದರು. ಇವತ್ತಿಗೂ ಕೆಲಸ ನಿಂತಿರುವುದು ಆ ಬೆಸುಗೆಯ ಮೇಲೆಯೇ.

ಮೊದಲು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ. ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಅಲ್ಲಿನ ಮೂಳೆಯ ಅಗಲ ಅರ್ಧದಷ್ಟು ಕರಗಬಹುದು, ಅದರಲ್ಲೂ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ. ಎಂಟು ತಿಂಗಳಾದ ಮೇಲೆ ಎಷ್ಟು ಉಳಿದಿದೆ ಎಂದು ಅಳೆಯದೆ ಸ್ಕ್ರೂವಿನ ಅಳತೆ ನಿರ್ಧರಿಸಲಾಗದು. ನಿಮ್ಮ ಜಾಗಕ್ಕೆ ಸಾಮಾನ್ಯವಾಗಿ 4.5ರಿಂದ 5 ಮಿ.ಮೀ. ದಪ್ಪ, 10 ಮಿ.ಮೀ. ಆಸುಪಾಸಿನ ಉದ್ದದ್ದು ಹಾಕುತ್ತಾರೆ. ಪಕ್ಕದ ಹಲ್ಲಿನಿಂದ ಕನಿಷ್ಠ 1.5 ಮಿ.ಮೀ., ಕೆಳದವಡೆಯೊಳಗೆ ಹರಿಯುವ ನರದಿಂದ 2 ಮಿ.ಮೀ. ದೂರ ಇರಲೇಬೇಕು. ಜೊತೆಗೆ ಎದುರಿನ ಮೇಲಿನ ಹಲ್ಲನ್ನೂ ನೋಡಿಸಿ. ಕೆಳಗೆ ಜೋಡಿ ಇಲ್ಲದಿದ್ದರೆ ಅದು ಕ್ರಮೇಣ ಇಳಿಯುತ್ತದೆ. ಕ್ಯಾಪ್ ಕೂರಲು 7 ಮಿ.ಮೀ.ನಷ್ಟು ಎತ್ತರ ಸಿಗದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಆಪರೇಷನ್ ಅಂದರೆ ಗಾಬರಿ ಬೇಡ. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ನೇ ಸಾಕು. ವಸಡು ಬಿಡಿಸಿ, 2 ಮಿ.ಮೀ. ಡ್ರಿಲ್‌ನಿಂದ ಶುರುಮಾಡಿ ಹಂತಹಂತವಾಗಿ ತೂತು ಅಗಲ ಮಾಡುತ್ತಾರೆ. ಉದ್ದಕ್ಕೂ ಸಲೈನ್ ನೀರು ಸುರಿಯುತ್ತಿರಬೇಕು. ಮೂಳೆ 47 ಡಿಗ್ರಿಗೆ ಕಾದು ಒಂದು ನಿಮಿಷ ಹಾಗೇ ಇದ್ದರೆ ಆ ಪದರ ಸಾಯುತ್ತದೆ, ಸತ್ತ ಮೂಳೆಗೆ ಸ್ಕ್ರೂ ಬೆಸೆಯದು. ಮೊಂಡಾದ ಡ್ರಿಲ್ ಮತ್ತು ಅವಸರದ ಕೈ ಮಾಡುವ ಅನಾಹುತ ಇದೇ. ಆಮೇಲೆ ಸ್ಕ್ರೂ ತಿರುಗಿಸಿ ಕೂರಿಸಿ ಹೊಲಿಗೆ ಹಾಕುತ್ತಾರೆ. 7ರಿಂದ 10 ದಿನಕ್ಕೆ ಹೊಲಿಗೆ ಬಿಚ್ಚುವುದು.

ಮೊದಲ ದಿನ ಹೊರಗಿನಿಂದ ಕೆನ್ನೆಗೆ ಐಸ್ ಇಡಿ, ಜೋರಾಗಿ ಉಗಿಯಬೇಡಿ, ಸ್ಟ್ರಾದಲ್ಲಿ ಹೀರಬೇಡಿ. ತಣ್ಣಗಿನ ಗಂಜಿ, ಮೊಸರನ್ನ ಆಗುತ್ತದೆ. 24 ಗಂಟೆಯ ನಂತರ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲಗೆ ಬಾಯಿ ಮುಕ್ಕಳಿಸಿ. ಇಂಜೆಕ್ಷನ್ನಿನ ಜೋಮು ಇಳಿಯಬೇಕಾದ ಹೊತ್ತು ಕಳೆದರೂ ಕೆಳತುಟಿ, ಗಲ್ಲ ಮರಗಟ್ಟಿಯೇ ಇದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ನರದ ಮೇಲೆ ಸ್ಕ್ರೂ ಒತ್ತುತ್ತಿದ್ದರೆ ಮೊದಲ ಒಂದೂವರೆ ದಿನದೊಳಗೆ ತೆಗೆಯುವುದಕ್ಕೂ ವಾರ ಕಳೆದು ತೆಗೆಯುವುದಕ್ಕೂ ಬಹಳ ವ್ಯತ್ಯಾಸವಿದೆ.

ಇನ್ನು ಕಾಯುವುದು. ಕೆಳದವಡೆಗೆ ಸುಮಾರು 3 ತಿಂಗಳು, ಮೇಲ್ದವಡೆಯ ಹಿಂಭಾಗಕ್ಕೆ 4ರಿಂದ 6 ತಿಂಗಳು. ಸ್ಕ್ರೂ ಹಾಕಿದ ದಿನದ ಬಿಗಿ ಬರೀ ಹಿಡಿತದ್ದು. ಮೂಳೆ ತನ್ನ ಹಳೆಯ ಪದರವನ್ನು ಕರಗಿಸಿ ಹೊಸದನ್ನು ಕಟ್ಟುವ ಮಧ್ಯೆ, ಮೂರು ನಾಲ್ಕನೇ ವಾರದ ಹೊತ್ತಿಗೆ ಆ ಬಿಗಿ ಕಡಿಮೆಯಾಗುತ್ತದೆ. ಅಷ್ಟರಲ್ಲಿ ನೋವು ಪೂರ್ತಿ ಹೋಗಿರುತ್ತದೆ, ಎಲ್ಲ ಸರಿಹೋಯಿತೆಂದು ಜನ ಅದೇ ಕಡೆಯಲ್ಲಿ ಚಕ್ಕುಲಿ, ಕೋಡುಬಳೆ ಕಡಿಯುತ್ತಾರೆ.

ಪ್ರಶ್ನೆ: ಒಂದು ಹಲ್ಲಿಗೆ ಒಬ್ಬರು 18,000 ರೂಪಾಯಿ ಹೇಳಿದರು, ಇನ್ನೊಬ್ಬರು 45,000. ‘ಲೈಫ್‌ಟೈಮ್ ಗ್ಯಾರಂಟಿ’ ಅಂತಲೂ ಇದೆ, ‘ಮೂರೇ ದಿನದಲ್ಲಿ ಹಲ್ಲು’ ಅಂತಲೂ ಜಾಹೀರಾತು. ಯಾರನ್ನು ನಂಬುವುದು?
– ಹುಬ್ಬಳ್ಳಿಯ ಓದುಗರು

ಉತ್ತರ: ಮೊದಲು ಎರಡೂ ಲೆಕ್ಕವನ್ನು ಬಿಡಿಸಿ ಬರೆಸಿಕೊಳ್ಳಿ. ಕಡಿಮೆ ಹೇಳಿದ ಮೊತ್ತ ಬರೀ ಸ್ಕ್ರೂವಿನದ್ದಾಗಿರಬಹುದು. ಸ್ಕ್ಯಾನ್, ಅಬಟ್‌ಮೆಂಟ್, ಕ್ಯಾಪ್, ಮೂಳೆ ಸಾಲದಿದ್ದಲ್ಲಿ ತುಂಬುವ ಮೂಳೆ ಪುಡಿ, ಇವೆಲ್ಲ ಸೇರಿವೆಯೇ? ಕ್ಯಾಪ್ ಲೋಹದ ಮೇಲೆ ಸಿರಾಮಿಕ್ಕೋ, ಜಿರ್ಕೋನಿಯಾ ಎಂಬ ಲೋಹವಿಲ್ಲದ ಗಟ್ಟಿ ಸಿರಾಮಿಕ್ಕೋ? ಇಷ್ಟು ಕೇಳಿದರೆ ಅಂತರ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಕಂಪನಿ ಮುಖ್ಯವಾಗುವುದು ಹತ್ತು ವರ್ಷದ ನಂತರ. ಅಬಟ್‌ಮೆಂಟನ್ನು ಹಿಡಿದಿಡುವ ಒಳಗಿನ ಚಿಕ್ಕ ಸ್ಕ್ರೂ ಸಡಿಲವಾದಾಗ ಅದೇ ಕಂಪನಿಯ, ಅದೇ ಅಳತೆಯ ಸ್ಕ್ರೂ ಮತ್ತು ಡ್ರೈವರ್ ಬೇಕು. ಒಂದರದ್ದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ವರ್ಷಗಳಿಂದ ಮಾರುಕಟ್ಟೆಯಲ್ಲಿದ್ದು ಬಿಡಿಭಾಗ ಎಲ್ಲೆಡೆ ಸಿಗುವ ಕಂಪನಿ ಸಾಕು, ಅತಿ ದುಬಾರಿಯದೇ ಆಗಬೇಕಿಲ್ಲ. ಇಂಪ್ಲಾಂಟ್ ಡಬ್ಬಿಯಲ್ಲಿ ಕಂಪನಿ, ದಪ್ಪ, ಉದ್ದ, ಲಾಟ್ ನಂಬರ್ ಇರುವ ಸ್ಟಿಕರ್ ಬರುತ್ತದೆ. ಒಂದನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಿ ಎಂದು ಕೇಳಿ ತೆಗೆದುಕೊಳ್ಳಿ. ಊರು ಬದಲಾದರೆ ಹೊಸ ಡಾಕ್ಟರಿಗೆ ಈ ಚೀಟಿಯಷ್ಟು ಉಪಯೋಗ ಇನ್ನಾವುದರಿಂದಲೂ ಇಲ್ಲ.

ಗ್ಯಾರಂಟಿ ಎಂದರೆ ಸಾಮಾನ್ಯವಾಗಿ ಸ್ಕ್ರೂ ಉಳಿಯದಿದ್ದರೆ ಕಂಪನಿ ಇನ್ನೊಂದು ಸ್ಕ್ರೂ ಕೊಡುತ್ತದೆ ಅಷ್ಟೆ. ಮತ್ತೆ ಮಾಡುವ ಆಪರೇಷನ್, ಮೂಳೆ ಪುಡಿ, ಹೊಸ ಕ್ಯಾಪಿನ ಖರ್ಚು ಅದರಲ್ಲಿ ಇರಲಿಕ್ಕಿಲ್ಲ.

ಮೂರು ದಿನದ ಹಲ್ಲು ಪೂರ್ತಿ ಸುಳ್ಳಲ್ಲ. ಇಡೀ ದವಡೆಗೆ ನಾಲ್ಕಾರು ಇಂಪ್ಲಾಂಟ್ ಹಾಕಿ, ಪ್ರತಿಯೊಂದೂ 35 ನ್ಯೂಟನ್ ಸೆಂಟಿಮೀಟರಿನಷ್ಟು (ಸ್ಕ್ರೂ ತಿರುಗಿಸುವ ಬಲದ ಅಳತೆ) ಬಿಗಿಯಾಗಿ ಕೂತರೆ, ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಕೂಡಲೇ ಹಲ್ಲು ಕೊಡುವ ಪದ್ಧತಿ ಇದೆ. ಆದರೆ ಅದು ತಾತ್ಕಾಲಿಕ ಅಕ್ರಿಲಿಕ್ ಹಲ್ಲು, ಖಾಯಂ ಸೆಟ್ ತಿಂಗಳುಗಳ ನಂತರ. ಒಂದೇ ಒಂದು ದವಡೆ ಹಲ್ಲಿಗೆ ಈ ಅವಸರದಿಂದ ನಿಮಗೆ ಯಾವ ಲಾಭವೂ ಇಲ್ಲ.

ಪ್ರಶ್ನೆ: ಅಮ್ಮನಿಗೆ 67. ಕೆಳಗಿನ ಹಲ್ಲಿನ ಸೆಟ್ ನಿಲ್ಲುವುದೇ ಇಲ್ಲ, ಮಾತಾಡುವಾಗ ಎದ್ದು ಬರುತ್ತದೆ. ಶುಗರ್ ಇದೆ, ಮೂಳೆ ಸವೆತಕ್ಕೆ ವರ್ಷಕ್ಕೊಂದು ಇಂಜೆಕ್ಷನ್ ತಗೋತಾರೆ. ಇಂಪ್ಲಾಂಟ್ ಮಾಡಿಸಬಹುದಾ?
– ಮೈಸೂರಿನ ಓದುಗರು

ಉತ್ತರ: ವಯಸ್ಸು ಅಡ್ಡಿಯಲ್ಲ. ಇಡೀ ದವಡೆಗೆ ಖಾಯಂ ಹಲ್ಲು ಕಟ್ಟಿಸುವ ಅಗತ್ಯವೂ ಇಲ್ಲ. ಕೆಳದವಡೆಯ ಮುಂಭಾಗದಲ್ಲಿ, ಕೋರೆಹಲ್ಲುಗಳ ಜಾಗದಲ್ಲಿ, ಎರಡೇ ಇಂಪ್ಲಾಂಟ್ ಹಾಕಿ ಸೆಟ್ಟನ್ನು ಅದರ ಮೇಲೆ ಪ್ರೆಸ್ ಬಟನ್ ಥರ ಕೂರಿಸಬಹುದು. ಅಲ್ಲಿ ಮೂಳೆ ಗಟ್ಟಿ, ದೊಡ್ಡ ನರದ ಕಾಟವೂ ಕಡಿಮೆ. ಅಮ್ಮ ರಾತ್ರಿ ಸೆಟ್ ತೆಗೆದು ತೊಳೆದಿಡಬೇಕು. ಸೆಟ್ಟಿನೊಳಗಿನ ನೈಲಾನ್ ಉಂಗುರ ಸವೆದು ಸಡಿಲವಾಗುತ್ತದೆ, ಬದಲಿಸುವುದು ಐದು ನಿಮಿಷದ ಕೆಲಸ. ಈಗಿನ ಸೆಟ್ ಚೆನ್ನಾಗಿ ಕೂರುವಂತಿದ್ದರೆ ಅದನ್ನೇ ಬಳಸಲೂಬಹುದು.

ಶುಗರಿಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 7ರ ಆಸುಪಾಸು ಇದ್ದರೆ ಮುಂದುವರಿಯಬಹುದು, 8 ದಾಟಿದ್ದರೆ ಮೊದಲು ಶುಗರ್ ಇಳಿಸಿ. ಇಲ್ಲಿ ಅವಸರ ಮಾಡುವಂಥದ್ದೇನೂ ಇಲ್ಲ.

ನಮಗೆ ಶುಗರಿಗಿಂತ ಹೆಚ್ಚು ಯೋಚನೆ ಆ ವರ್ಷದ ಇಂಜೆಕ್ಷನ್ನಿನದು. ಅದು ಜೋಲೆಡ್ರಾನಿಕ್ ಆಸಿಡ್ ಆಗಿರುವ ಸಾಧ್ಯತೆ ಹೆಚ್ಚು. ಇಂಥ ಔಷಧಿ ಮೂಳೆ ಕರಗುವುದನ್ನು ತಡೆಯುತ್ತದೆ. ಅದೇ ಕಾರಣಕ್ಕೆ ದವಡೆಯಲ್ಲಿ ಗಾಯವಾದಾಗ ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದೂ ನಿಧಾನ. ಅಪರೂಪಕ್ಕೆ ಮೂಳೆಯ ಒಂದು ಭಾಗ ಸತ್ತು ವಸಡಿನಿಂದ ಹೊರಗೆ ಕಾಣುತ್ತದೆ, ವಾಸಿಯಾಗುವುದು ಕಷ್ಟ. ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಈ ಅಪಾಯ ಕಡಿಮೆ, ಆದರೆ ವರ್ಷಗಳು ಕಳೆದಂತೆ ಏರುತ್ತದೆ. ಕ್ಯಾನ್ಸರಿಗಾಗಿ ಹೆಚ್ಚು ಪ್ರಮಾಣದಲ್ಲಿ ಇದೇ ಔಷಧಿ ಪಡೆಯುವವರಿಗೆ ಇಂಪ್ಲಾಂಟ್ ಬೇಡ ಅನ್ನುತ್ತೇವೆ. ಎಷ್ಟು ವರ್ಷದಿಂದ, ಯಾವ ಔಷಧಿ ಎಂಬ ಚೀಟಿ ಹಿಡಿದು ದಂತವೈದ್ಯರ ಬಳಿ ಹೋಗಿ, ಅವರು ಮೂಳೆ ಡಾಕ್ಟರ ಜೊತೆ ಮಾತಾಡಲಿ. ನೀವಾಗಿ ನಿಲ್ಲಿಸಬೇಡಿ. ಅದರಲ್ಲೂ ಮೂಳೆ ಸವೆತಕ್ಕೇ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ತಪ್ಪಿಸಿದರೆ ಬೆನ್ನುಮೂಳೆ ಮುರಿಯುವ ಅಪಾಯವಿದೆ. ರಕ್ತ ತೆಳುವಾಗುವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಎಲೆ-ಅಡಿಕೆ, ಈಚೆಗೆ ಗುಟ್ಕಾ. ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ, ಖಾರ ತಿಂದರೆ ಉರಿ. ಹಿಂದಿನ ಎರಡು ಹಲ್ಲಿಗೆ ಇಂಪ್ಲಾಂಟ್ ಹಾಕಿಸಬೇಕು.
– ಶಿರಸಿಯ ಓದುಗರು

ಉತ್ತರ: ಇಂಪ್ಲಾಂಟ್ ವಿಚಾರ ಸದ್ಯ ಪಕ್ಕಕ್ಕಿಡಿ. ನೀವು ಹೇಳುವುದು ಅಡಿಕೆಯಿಂದ ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವ ಕಾಯಿಲೆಯ ಲಕ್ಷಣ. ಇದು ಕ್ಯಾನ್ಸರಿಗೆ ತಿರುಗಬಲ್ಲದು. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಬರುತ್ತದೆ. ತಡಮಾಡದೆ ಬಾಯಿ ರೋಗ ತಜ್ಞರಿಗೆ ತೋರಿಸಿ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತುಣುಕು ತೆಗೆದು ಪರೀಕ್ಷೆ ಮಾಡಿಸಿ.

ನಿಮ್ಮದೇ ಮೂರು ಬೆರಳು ಮೇಲೆ-ಕೆಳಗೆ ಇಟ್ಟು ಬಾಯೊಳಗೆ ತೂರಿಸಿ ನೋಡಿ. ಎರಡೇ ಹಿಡಿದರೆ ಹಿಂದಿನ ಹಲ್ಲಿನ ಜಾಗಕ್ಕೆ ಡ್ರಿಲ್ ನೆಟ್ಟಗೆ ನಿಲ್ಲಿಸಲು ಎಡೆಯೇ ಸಾಲದು, ಓರೆಯಾಗಿ ಕೂತ ಇಂಪ್ಲಾಂಟ್ ಬಾಳುವುದಿಲ್ಲ. ಬೀಡಿ-ಸಿಗರೇಟ್ ಸೇದುವವರಿಗೂ ಒಂದು ಮಾತು: ಆಪರೇಷನ್ನಿಗೆ ಕನಿಷ್ಠ ಒಂದು ವಾರ ಮೊದಲು, ಆಮೇಲೆ ಎರಡು ತಿಂಗಳು ಪೂರ್ತಿ ಬಿಡಲಾಗದಿದ್ದರೆ ಆ ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆ: 16 ವರ್ಷದ ಮಗ ಕ್ರಿಕೆಟ್ ಆಡುವಾಗ ಮೇಲಿನ ಮುಂದಿನ ಹಲ್ಲು ಕಳೆದುಕೊಂಡ. ಈಗಲೇ ಇಂಪ್ಲಾಂಟ್ ಹಾಕಿಸಬಹುದೇ?
– ದಾವಣಗೆರೆಯ ಓದುಗರು

ಉತ್ತರ: ಬೇಡ. ಅವನ ದವಡೆ ಇನ್ನೂ ಬೆಳೆಯುತ್ತಿದೆ. ಅಕ್ಕಪಕ್ಕದ ಹಲ್ಲುಗಳು ಮೂಳೆಯ ಜೊತೆ ಕೆಳಗಿಳಿಯುತ್ತವೆ, ಇಂಪ್ಲಾಂಟ್ ಇದ್ದಲ್ಲೇ ಉಳಿಯುತ್ತದೆ. ನಾಲ್ಕೈದು ವರ್ಷದಲ್ಲಿ ಆ ಒಂದು ಹಲ್ಲು ಗಿಡ್ಡವಾಗಿ, ವಸಡಿನ ಗೆರೆ ಮೇಲಕ್ಕೆ ಹೋಗಿ ನಕ್ಕಾಗ ಎದ್ದು ಕಾಣುತ್ತದೆ. ಗಂಡುಮಕ್ಕಳಿಗೆ 20-21 ಆಗಲಿ. ಅಲ್ಲಿವರೆಗೆ ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುವ ರೆಕ್ಕೆಯ ಬ್ರಿಡ್ಜ್ ಸಾಕು, ಅದಕ್ಕಾಗಿ ಪಕ್ಕದ ಹಲ್ಲನ್ನು ಉಜ್ಜಿ ಸಣ್ಣದು ಮಾಡುವುದು ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ: ಇಂಪ್ಲಾಂಟ್ ಹಾಕಿಸಿ ನಾಲ್ಕು ವರ್ಷ. ನೋವಿಲ್ಲ. ಆದರೆ ಈಚೆಗೆ ಮುಂದಿನ ಹಲ್ಲಿಗೂ ಅದಕ್ಕೂ ನಡುವೆ ಸೊಪ್ಪು, ಮಾಂಸ ಸಿಕ್ಕಿಕೊಳ್ಳುತ್ತದೆ, ಬ್ರಷ್ ಮಾಡಿದರೆ ರಕ್ತ. ಮೊದಲು ಹೀಗಿರಲಿಲ್ಲ.
– ಮಂಗಳೂರಿನ ಓದುಗರು

ಉತ್ತರ: ಬಹಳ ಜನರಿಗೆ ಆಗುವ ತೊಂದರೆ, ಬಹಳ ಕಡಿಮೆ ಜನ ಸಮಯಕ್ಕೆ ತೋರಿಸುವ ತೊಂದರೆ. ಸ್ವಂತ ಹಲ್ಲುಗಳು ಜೀವನಪೂರ್ತಿ ಮೆಲ್ಲಗೆ ಮುಂದಕ್ಕೆ ಸರಿಯುತ್ತವೆ, ಮೂಳೆಗೆ ಬೆಸೆದ ಇಂಪ್ಲಾಂಟ್ ಸರಿಯದು. ಹಾಗಾಗಿ ಮೊದಲು ಒತ್ತಿಕೊಂಡಿದ್ದ ಜಾಗದಲ್ಲಿ ಸಂದು ಬಿದ್ದಿದೆ. ಕ್ಯಾಪ್ ಸ್ಕ್ರೂವಿನಿಂದ ಕೂರಿಸಿದ್ದಾದರೆ ಬಿಚ್ಚಿ, ಪಕ್ಕಕ್ಕೆ ಸಿರಾಮಿಕ್ ಸೇರಿಸಿ ಸಂದು ಮುಚ್ಚಬಹುದು. ಸಿಮೆಂಟಿನಿಂದ ಅಂಟಿಸಿದ್ದರೆ ಕಷ್ಟ, ಎಷ್ಟೋ ಸಲ ಹೊಸ ಕ್ಯಾಪೇ ಬೇಕಾಗುತ್ತದೆ. ಆದಷ್ಟೂ ಸ್ಕ್ರೂ ಕ್ಯಾಪ್ ಹಾಕಿಸಿ ಎಂದು ನಾವು ಹೇಳುವುದಕ್ಕೆ ಇದೊಂದು ಕಾರಣ. ಇನ್ನೊಂದು, ವಸಡಿನಡಿ ಉಳಿದುಹೋದ ಸಿಮೆಂಟ್ ವರ್ಷಗಟ್ಟಲೆ ಅಲ್ಲೇ ಇದ್ದು ಕೀವು ಮಾಡುತ್ತದೆ.

ರಕ್ತ ಬರುವುದನ್ನು ಹಗುರವಾಗಿ ಕಾಣಬೇಡಿ. ಹಲ್ಲಿನ ಸುತ್ತ ವಸಡಿನ ನಾರುಗಳು ಬೇರಿಗೆ ಅಡ್ಡಲಾಗಿ ನಾಟಿಕೊಂಡಿರುತ್ತವೆ. ಇಂಪ್ಲಾಂಟ್ ಸುತ್ತ ಅವು ಬರೀ ಉದ್ದಕ್ಕೆ ಒರಗಿರುತ್ತವೆ, ಆದ್ದರಿಂದ ಸೋಂಕು ಬೇಗ ಕೆಳಗಿಳಿಯುತ್ತದೆ. ನೋವಿಲ್ಲ ಎಂಬುದರಲ್ಲಿ ಸಮಾಧಾನವಿಲ್ಲ, ಮೂಳೆ ಕರಗುವಾಗಲೂ ನೋವಿರುವುದಿಲ್ಲ. ಉರಿಯೂತ ವಸಡಿನಲ್ಲಷ್ಟೇ ಇದ್ದರೆ ಶುಚಿಮಾಡಿದರೆ ಪೂರ್ತಿ ವಾಸಿ. ಮೂಳೆಗೆ ಇಳಿದಿದ್ದರೆ ವಸಡು ಬಿಡಿಸಿ ಸ್ಕ್ರೂವಿನ ಮೈ ತೊಳೆಯಬೇಕು, ಆಗಲೂ ಫಲ ಖಚಿತವಲ್ಲ. ಇದನ್ನು ತಿಳಿಯಲು ಕ್ಯಾಪ್ ಹಾಕಿದ ದಿನದ ಎಕ್ಸ್‌ರೇ ಜೊತೆ ಇವತ್ತಿನದನ್ನು ಹೋಲಿಸಬೇಕು. ಹಳೆಯದು ಇಲ್ಲದಿದ್ದರೆ, ವಸಡಿಗೂ ಇಂಪ್ಲಾಂಟಿಗೂ ನಡುವಿನ ಸಂದಿನ ಆಳ 6 ಮಿ.ಮೀ. ಅಥವಾ ಹೆಚ್ಚು, ಮೂಳೆ ಇಂಪ್ಲಾಂಟಿನ ಮೂಳೆಯೊಳಗಿನ ಭಾಗದ ಮೇಲ್ತುದಿಯಿಂದ 3 ಮಿ.ಮೀ. ಅಥವಾ ಹೆಚ್ಚು ದೂರ ಸರಿದಿದ್ದು ರಕ್ತವೋ ಕೀವೋ ಬರುತ್ತಿದ್ದರೆ ಮೂಳೆಯ ಕಾಯಿಲೆ ಎಂದೇ ಲೆಕ್ಕ.

ಮನೆಯಲ್ಲಿ ದಿನಕ್ಕೊಮ್ಮೆ ಸಂದಿನ ಬ್ರಷ್ ಹಾಕಿ. ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದು, ಸ್ವಲ್ಪ ಬಿಗಿಯಾಗಿ ತೂರುವ ಸೈಜಿನದು. ಸಲೀಸಾಗಿ ಹೋಗಿ ಬಂದರೆ ಅದು ಏನನ್ನೂ ಉಜ್ಜುತ್ತಿಲ್ಲ. ಕಡ್ಡಿ, ಪಿನ್ನು ಹಾಕಬೇಡಿ, ಉಪ್ಪು-ಇದ್ದಿಲಿನ ಪುಡಿಯೂ ಬೇಡ. ಆರು ತಿಂಗಳಿಗೊಮ್ಮೆ ತೋರಿಸಿ.

ಪ್ರಶ್ನೆ: ಇಂಪ್ಲಾಂಟ್ ಕ್ಯಾಪ್ ಸ್ವಲ್ಪ ಅಲ್ಲಾಡುತ್ತಿದೆ. ಪೂರ್ತಿ ಹೋಯಿತೇ? ಮತ್ತೆ, ಮುಂದಿನ ವಾರ ಎಂಆರ್‌ಐ ಇದೆ, ತೊಂದರೆಯೇ?
– ಕಲಬುರಗಿಯ ಓದುಗರು

ಉತ್ತರ: ಹೆಚ್ಚಿನ ಸಲ ಅಲ್ಲಾಡುವುದು ಒಳಗಿನ ಚಿಕ್ಕ ಸ್ಕ್ರೂ. ಕ್ಯಾಪಿನ ಮೇಲಿನ ತೂತು ಬಿಡಿಸಿ, ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದಷ್ಟು, ಸಾಮಾನ್ಯವಾಗಿ 30ರಿಂದ 35 ನ್ಯೂಟನ್ ಸೆಂಟಿಮೀಟರ್, ಬಿಗಿ ಮಾಡಿದರೆ ಮುಗಿಯಿತು. ಆದರೆ ಅಲ್ಲಾಡುವ ಕ್ಯಾಪಿನಲ್ಲೇ ಅಗಿಯುತ್ತ ಹೋದರೆ ಆ ಸ್ಕ್ರೂ ಒಳಗೇ ತುಂಡಾಗುತ್ತದೆ, ತುಂಡನ್ನು ಹೊರತೆಗೆಯುವುದು ದೊಡ್ಡ ಕೆಲಸ. ಹೋಗುವವರೆಗೆ ಇನ್ನೊಂದು ಕಡೆಯಲ್ಲಿ ಅಗಿಯಿರಿ. ಮತ್ತೆ ಮತ್ತೆ ಸಡಿಲವಾದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಎಂದು ಮನೆಯವರನ್ನು ಕೇಳಿ, ಹೌದಾದರೆ ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಸಿ. ಮೂಳೆಯೊಳಗಿನ ಇಂಪ್ಲಾಂಟೇ ಅಲ್ಲಾಡುತ್ತಿದ್ದರೆ ಮಾತ್ರ ಅದನ್ನು ತೆಗೆಯದೆ ದಾರಿಯಿಲ್ಲ.

ಎಂಆರ್‌ಐ ಮಾಡಿಸಿಕೊಳ್ಳಿ. ಟೈಟೇನಿಯಂ ಅಯಸ್ಕಾಂತಕ್ಕೆ ಎಳೆಯಲ್ಪಡುವುದಿಲ್ಲ, ಬಾಯಿಯ ಹತ್ತಿರದ ಚಿತ್ರ ಸ್ವಲ್ಪ ಮಸುಕಾಗಬಹುದಷ್ಟೆ. ಸೆಟ್ ಹಿಡಿಯಲು ಅಯಸ್ಕಾಂತದ ಬಿಲ್ಲೆ ಹಾಕಿಸಿಕೊಂಡವರು ಮಾತ್ರ ಸ್ಕ್ಯಾನಿಂಗ್ ಕೇಂದ್ರದಲ್ಲಿ ಮೊದಲೇ ತಿಳಿಸಬೇಕು.