ನಾಗರಿಕ ಹಕ್ಕುಗಳ ರಕ್ಷಣೆಗೆ ಸಾರ್ವಜನಿಕ ಹುದ್ದೆಯಿಂದ ನಿಜಕ್ಕೂ ಉಪಯೋಗವಿದೆಯೇ?

ಹೊರಗಿದ್ದು ಹೋರಾಡುವುದಕ್ಕಿಂತ ಸಾರ್ವಜನಿಕ ಹುದ್ದೆಗೆ ಬಂದರೆ ನಾಗರಿಕ ಹಕ್ಕುಗಳಿಗಾಗಿ, ಸಮಾನ ಅವಕಾಶಕ್ಕಾಗಿ ಹೆಚ್ಚು ಕೆಲಸ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ಹುದ್ದೆ ಎಷ್ಟು ದೊಡ್ಡದು ಎಂಬುದಕ್ಕಿಂತ ಕಾನೂನು ಅದಕ್ಕೆ ಯಾವ ಅಧಿಕಾರ ಕೊಟ್ಟಿದೆ ಎಂಬುದೇ ಮುಖ್ಯ. ರಾಜ್ಯಶಾಸ್ತ್ರ ಪಾಠ ಮಾಡುವ ನಾನು ಅಮೆರಿಕದ ಉದಾಹರಣೆಗಳನ್ನು ಕೊಡುತ್ತೇನೆ. ಅಲ್ಲಿ ಗೆಲುವು, ಸೋಲು ಎರಡೂ ದಾಖಲೆಗಳಲ್ಲಿ ಸ್ಪಷ್ಟವಾಗಿ ಸಿಗುತ್ತವೆ.

1965ಕ್ಕೆ ಮುಂಚೆ ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಬಂದ ಕಪ್ಪು ವರ್ಣೀಯರ ಮುಂದೆ ಕೌಂಟಿಯ ನೋಂದಣಿ ಅಧಿಕಾರಿ ರಾಜ್ಯ ಸಂವಿಧಾನದ ಒಂದು ವಿಧಿಯನ್ನು ಇಟ್ಟು, ಅದರ ಅರ್ಥವನ್ನು ಬರೆದು ವಿವರಿಸುವಂತೆ ಹೇಳುತ್ತಿದ್ದ. ವಿಧಿಯನ್ನು ಆರಿಸುವವನೂ ಅವನೇ, ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನೂ ಅವನೇ. ಹೀಗಾಗಿ ಓದಿದ ಶಿಕ್ಷಕರೂ ಅನುತ್ತೀರ್ಣರಾಗುತ್ತಿದ್ದರು. ಹಕ್ಕನ್ನು ಕಸಿದುಕೊಂಡದ್ದೂ ಒಂದು ಸಾರ್ವಜನಿಕ ಹುದ್ದೆಯೇ ಎಂಬುದನ್ನು ಇಂಥ ಚರ್ಚೆಗಳಲ್ಲಿ ನಾವು ಮರೆಯುತ್ತೇವೆ. 1965ರ ಮತದಾನ ಹಕ್ಕು ಕಾಯ್ದೆ ಆ ಪರೀಕ್ಷೆಯನ್ನು ತಡೆದು, ಅಗತ್ಯವಿದ್ದ ಕಡೆಗೆ ಕೇಂದ್ರದ ಅಧಿಕಾರಿಗಳನ್ನೇ ಕಳುಹಿಸಲು ಅವಕಾಶ ಕೊಟ್ಟಿತು. ಅದಕ್ಕೆ ಮುಂಚೆ ಶೇ. 7ನ್ನೂ ಮುಟ್ಟದಿದ್ದ ಅಲ್ಲಿನ ಕಪ್ಪು ವರ್ಣೀಯರ ನೋಂದಣಿ 1967ರ ಹೊತ್ತಿಗೆ ಶೇ. 60ರ ಸಮೀಪಕ್ಕೆ ಬಂದಿತ್ತು.

ಇದಕ್ಕೆ ತದ್ವಿರುದ್ಧವಾದ ಕಥೆ ಸಮಾನ ಉದ್ಯೋಗಾವಕಾಶ ಆಯೋಗದ್ದು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಅದನ್ನು ಹುಟ್ಟುಹಾಕಿತಾದರೂ, ದೂರು ಪಡೆದು ವಿಚಾರಣೆ ನಡೆಸಿ ರಾಜಿ ಮಾಡಿಸುವುದಷ್ಟೇ ಅದರ ಕೈಲಿತ್ತು. ತಾರತಮ್ಯ ಮಾಡಿದ ಖಾಸಗಿ ಮಾಲೀಕರ ಮೇಲೆ ಮೊಕದ್ದಮೆ ಹೂಡುವ ಅಧಿಕಾರ ಸಿಕ್ಕಿದ್ದು 1972ರಲ್ಲಿ. ಅಲ್ಲಿಯವರೆಗೆ ಅದು ಹಲ್ಲು ಕಿತ್ತ ಹಾವಿನಂತಿತ್ತು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಪರಿಣಾಮಕಾರಿಯಾದ ಅಸ್ತ್ರ ಅನುದಾನ. ಅದೇ 1964ರ ಕಾಯ್ದೆಯ ಪ್ರಕಾರ, ಕೇಂದ್ರದ ಹಣ ಪಡೆಯುವ ಸಂಸ್ಥೆ ಜನಾಂಗದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ. 1966ರ ಜುಲೈನಲ್ಲಿ ವೃದ್ಧರಿಗಾಗಿ ಮೆಡಿಕೇರ್ ವಿಮೆ ಜಾರಿಗೆ ಬರುವ ಮುನ್ನ ಸರ್ಕಾರ ಪರಿವೀಕ್ಷಕರನ್ನು ಆಸ್ಪತ್ರೆಗಳಿಗೆ ಕಳುಹಿಸಿತು. ರೋಗಿಗಳಿಗೆ ಕೊಠಡಿ ಕೊಡುವಾಗ ಬಣ್ಣ ನೋಡುತ್ತಾರೆಯೇ, ಕಪ್ಪು ವರ್ಣೀಯ ವೈದ್ಯರಿಗೆ ಅಲ್ಲಿ ಕೆಲಸ ಮಾಡಲು ಅವಕಾಶವಿದೆಯೇ ಎಂದು ಅವರು ವಾರ್ಡುಗಳಲ್ಲಿ ಓಡಾಡಿ ನೋಡಿದರು. ನಿಯಮ ಪಾಲಿಸದಿದ್ದರೆ ಮೆಡಿಕೇರ್ ಹಣ ಸಿಗುವುದಿಲ್ಲ ಎಂದಾಗ, ತಲೆಮಾರುಗಳಿಂದ ಪ್ರತ್ಯೇಕವಾಗಿದ್ದ ವಾರ್ಡುಗಳು ಬಹುಪಾಲು ಕೆಲವೇ ತಿಂಗಳಲ್ಲಿ ಒಂದಾದವು. ಹಾಗೆಂದು ಹೊರಗಿನ ಹೋರಾಟ ಬೇಡವೆಂದಲ್ಲ. ಕಾಗದದಲ್ಲಿ ಮಾತ್ರ ಬದಲಾದ ಆಸ್ಪತ್ರೆಗಳ ಬಗ್ಗೆ ಪರಿವೀಕ್ಷಕರಿಗೆ ಸುಳಿವು ಕೊಟ್ಟವರಲ್ಲಿ ಸ್ಥಳೀಯ ಹೋರಾಟಗಾರರೂ ಇದ್ದರು.

ಆದ್ದರಿಂದ ನೀವು ಯಾವುದೇ ಹುದ್ದೆಗೆ ಪ್ರಯತ್ನಿಸುವ ಮುನ್ನ ಅದನ್ನು ಸೃಷ್ಟಿಸಿದ ಕಾಯ್ದೆಯನ್ನು ಓದಿ. ದಾಖಲೆ ತರಿಸಿಕೊಳ್ಳುವ, ಮೊಕದ್ದಮೆ ಹೂಡುವ, ಹಣ ತಡೆಹಿಡಿಯುವ ಅಧಿಕಾರಗಳಲ್ಲಿ ಯಾವುದಾದರೂ ಇದೆಯೇ ಎಂದು ನೋಡಿ. ಒಂದೂ ಇಲ್ಲದಿದ್ದರೆ ಶಾಸನಸಭೆಗೆ ಹೋಗಿ ಅವನ್ನು ಕೊಡಿಸುವುದೇ ಮೇಲು. ಸಿಕ್ಕ ಅಧಿಕಾರ ಕೈತಪ್ಪಲೂಬಹುದು. 1965ರ ಮತದಾನ ಹಕ್ಕು ಕಾಯ್ದೆಯ ಪ್ರಕಾರ, ತಾರತಮ್ಯದ ಇತಿಹಾಸವಿದ್ದ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಯಾವ ರಾಜ್ಯಗಳಿಗೆ ಇದು ಅನ್ವಯಿಸಬೇಕೆಂದು ಗುರುತಿಸುವ ಸೂತ್ರವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ರದ್ದುಪಡಿಸಿದ ಮೇಲೆ, ಆ ರಾಜ್ಯಗಳು ತಂದ ನಿಯಮವನ್ನು ಪ್ರಶ್ನಿಸಬೇಕಾದವರೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿದೆ.