ಮಂಗನ ಕಾಯಿಲೆಯ ಅರಿವು ಅಳೆಯುವುದು ಹೇಗೆ?
ತೀರ್ಥಹಳ್ಳಿ ಕಡೆ ಮಂಗನ ಕಾಯಿಲೆ ಬಗ್ಗೆ ಕರಪತ್ರ ಹಂಚಿದ್ದೀರಿ, ಜನಕ್ಕೆ ಎಷ್ಟು ತಲುಪಿತು ಎಂದು ತಿಳಿಯುವುದು ಹೇಗೆ ಅಂತ ಕೇಳಿದ್ದೀರಿ. 'ಈ ಕಾಯಿಲೆ ಗೊತ್ತಾ?' ಎಂದು ಸುಮ್ನೆ ಕೇಳಬೇಡಿ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಪತ್ತೆಯಾದದ್ದು, ಹೆಸರು ಕೇಳದವರು ಯಾರಿದ್ದಾರೆ, ಎಲ್ಲರೂ ಹೂಂ ಅನ್ನುತ್ತಾರೆ. 'ಹೇಗೆ ಬರುತ್ತದೆ?' ಎಂದು ಕೇಳಿ, ಉತ್ತರ ಹೇಳಿಕೊಡದೆ ಅವರ ಮಾತಲ್ಲೇ ಬರೆದುಕೊಳ್ಳಿ. ಬರೀ ಮಂಗನಿಂದ ಎಂದರೆ ಅರ್ಧವಷ್ಟೇ ತಲುಪಿದೆ, ಕಚ್ಚಿ ಕಾಯಿಲೆ ಅಂಟಿಸುವುದು ಉಣುಗು, ಅಂದರೆ ಉಣ್ಣೆ ಹುಳ, ಅಲ್ವಾ! ಆಮೇಲೆ, ಕಾಡಿಗೆ ದರಗು (ಒಣಗಿದ ಎಲೆ) ತರಲು ಹೋಗುವಾಗ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಹಚ್ಚಿದ್ದರಾ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿದರಾ ಎಂದು ವಿಚಾರಿಸಿ. ಗೊತ್ತಿದ್ದೂ ಹಚ್ಚದವರಿಗೆ ಇನ್ನೊಂದು ಕರಪತ್ರ ಕೊಟ್ಟು ಪ್ರಯೋಜನವಿಲ್ಲ. ಯಾಕೆ ಹಚ್ಚಲಿಲ್ಲ ಎಂದು ಜಗಲಿ ಮೇಲೆ ಕೂತು ಕೇಳಿ. ಮುಂದಿನ ಸಲ ನವೆಂಬರ್‌ನಲ್ಲೇ, ಕಾರ್ಯಕ್ರಮಕ್ಕೆ ಮೊದಲು, ಇವೇ ಪ್ರಶ್ನೆ ಕೇಳಿಟ್ಟುಕೊಳ್ಳಿ, ಆಗ ಹೋಲಿಸಲು ಏನಾದರೂ ಇರುತ್ತದೆ.