ಹೊಸದನ್ನು ಕಂಪೈಲ್ ಮಾಡಿದರೂ ಹಳೆಯ ಲೈಬ್ರರಿಯೇ ಲೋಡ್ ಆಗುತ್ತಿದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಉಬುಂಟು 22.04 ಸರ್ವರ್‌ನಲ್ಲಿ ಎನ್‌ಕ್ರಿಪ್ಷನ್ ಸಾಫ್ಟ್‌ವೇರ್ ಆದ ಓಪನ್‌ಎಸ್‌ಎಸ್‌ಎಲ್ 3.0.13 ಅನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕಿದ್ದೇನೆ. ‘ಮೇಕ್ ಇನ್‌ಸ್ಟಾಲ್’ ಮುಗಿಯುವವರೆಗೂ ಒಂದೂ ಎರರ್ ಇಲ್ಲ. ಆದರೆ ‘ಓಪನ್‌ಎಸ್‌ಎಸ್‌ಎಲ್ ವರ್ಷನ್’ ಕೊಟ್ಟರೆ 3.0.13 ಎಂದು ತೋರಿಸಿ, ಪಕ್ಕದ ಬ್ರಾಕೆಟ್‌ನಲ್ಲಿ ಲೈಬ್ರರಿ 3.0.2 ಎನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಿ. ಮೊದಲ ಸಂಖ್ಯೆ ಕಮಾಂಡ್‌ನದು, ಬ್ರಾಕೆಟ್‌ನೊಳಗಿನದು ಅದು ಓಡುವಾಗ ಲೋಡ್ ಮಾಡಿಕೊಂಡ ಲೈಬ್ರರಿಯದು. ಎನ್‌ಕ್ರಿಪ್ಷನ್ ಕೆಲಸವೆಲ್ಲ ಆಗುವುದು ಲೈಬ್ರರಿಯಲ್ಲಿ. ಹಾಗಾಗಿ ಸದ್ಯಕ್ಕೆ ನಿಮ್ಮ ಅಪ್‌ಗ್ರೇಡ್ ಹೆಸರಿಗಷ್ಟೇ.

ಆದದ್ದಿಷ್ಟು. 64 ಬಿಟ್ ಇಂಟೆಲ್/ಎಎಂಡಿ ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ 3 ತನ್ನ ಲೈಬ್ರರಿಗಳನ್ನು /ಯುಎಸ್‌ಆರ್/ಲೋಕಲ್/ಲಿಬ್64 ಒಳಗೆ ಇಡುತ್ತದೆ. ಪ್ರೋಗ್ರಾಂ ಶುರುವಾಗುವಾಗ ಅದಕ್ಕೆ ಬೇಕಾದ ಲೈಬ್ರರಿ ಹುಡುಕಿ ಕೊಡುವ ಉಬುಂಟುವಿನ ಲೋಡರ್ /ಯುಎಸ್‌ಆರ್/ಲೋಕಲ್/ಲಿಬ್ ನೋಡುತ್ತದೆಯೇ ಹೊರತು ಲಿಬ್64 ಕಡೆ ತಿರುಗುವುದಿಲ್ಲ. ಡಿಸ್ಟ್ರೋದ (ಅಂದರೆ ಉಬುಂಟುವಿನ) 3.0.2 ಮತ್ತು ನಿಮ್ಮ 3.0.13 ಎರಡರ ಲೈಬ್ರರಿ ಹೆಸರೂ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3’. ಹೆಸರು ಹೊಂದಿದ್ದರಿಂದ ಲೋಡರ್ ಹಳೆಯದನ್ನೇ ಎತ್ತಿಕೊಂಡು ಸುಮ್ಮನಾಯಿತು. ಇದೇ ಕೆಲಸವನ್ನು 1.1.1 ಇರುವ ಉಬುಂಟು 20.04ರಲ್ಲಿ ಮಾಡಿದ್ದರೆ ಶೇರ್ಡ್ ಲೈಬ್ರರಿ ಸಿಗಲಿಲ್ಲವೆಂದು ಕಮಾಂಡ್ ಅಲ್ಲೇ ನಿಲ್ಲುತ್ತಿತ್ತು. ಎರರ್ ಬರುವುದೇ ವಾಸಿ, ತಪ್ಪು ಕೂಡಲೇ ಗೊತ್ತಾಗುತ್ತದೆ.

ಖಚಿತಪಡಿಸಿಕೊಳ್ಳಲು /ಯುಎಸ್‌ಆರ್/ಲೋಕಲ್/ಬಿನ್ ಒಳಗಿನ ಓಪನ್‌ಎಸ್‌ಎಸ್‌ಎಲ್ ಮೇಲೆ ‘ಎಲ್‌ಡಿಡಿ’ ಓಡಿಸಿ. ಬಾಣದ ಗುರುತಿನ ಬಲಗಡೆ ಇರುವ ಪಾತ್ ನಿಜವಾಗಿ ಲೋಡ್ ಆಗುವ ಫೈಲಿನದು.

ಲಿಬ್64 ಪಾತ್ ಅನ್ನು, ಲೋಡರ್ ಹುಡುಕುವ ಜಾಗಗಳ ಪಟ್ಟಿಯಿರುವ ‘ಎಲ್‌ಡಿ.ಎಸ್‌ಒ.ಕಾನ್ಫ್.ಡಿ’ ಫೋಲ್ಡರ್‌ಗೆ ಸೇರಿಸಿ ‘ಎಲ್‌ಡಿಕಾನ್ಫಿಗ್’ ಓಡಿಸುವ ಉಪಾಯ ಬಹಳ ಕಡೆ ಸಿಗುತ್ತದೆ. ಕೆಲಸವೇನೋ ಆಗುತ್ತದೆ, ಆದರೆ ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್ ಸೇರಿದಂತೆ ಇಡೀ ಸಿಸ್ಟಂ ನಿಮ್ಮ ಬಿಲ್ಡ್‌ಗೆ ತಿರುಗಿಕೊಳ್ಳುತ್ತದೆ. ದೂರದ ಸರ್ವರ್‌ನಲ್ಲಿ ಇಂಥ ಸಾಹಸ ಬೇಡ. ಬೇರೆ ಫೋಲ್ಡರ್‌ನಲ್ಲಿ ಹಾಕುವುದೇ ಸರಿ.

ಮೊದಲು ಹಳೆಯ ಸೋರ್ಸ್ ಫೋಲ್ಡರ್‌ನಲ್ಲಿ ‘ಮೇಕ್ ಅನ್‌ಇನ್‌ಸ್ಟಾಲ್’, ಆಮೇಲೆ ‘ಮೇಕ್ ಡಿಸ್ಟ್‌ಕ್ಲೀನ್’. ಈಗ ಕಾನ್ಫಿಗರ್‌ಗೆ ನಾಲ್ಕು ಆಯ್ಕೆ ಕೊಡಿ: ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಮೂಲ ಫೋಲ್ಡರ್) /ಆಪ್ಟ್/ಎಸ್‌ಎಸ್‌ಎಲ್3, ಓಪನ್‌ಎಸ್‌ಎಸ್‌ಎಲ್‌ಡಿರ್ /ಆಪ್ಟ್/ಎಸ್‌ಎಸ್‌ಎಲ್3/ಎಸ್‌ಎಸ್‌ಎಲ್, ಲಿಬ್‌ಡಿರ್ ಬರೀ ‘ಲಿಬ್’, ಮತ್ತು ಲಿಂಕರ್‌ಗೆ ಆರ್‌ಪಾತ್ (ಲೈಬ್ರರಿಯನ್ನು ಎಲ್ಲಿ ಹುಡುಕಬೇಕೆಂದು ಪ್ರೋಗ್ರಾಂ ಒಳಗೇ ಬರೆದಿಡುವ ಪಾತ್) ಆಗಿ /ಆಪ್ಟ್/ಎಸ್‌ಎಸ್‌ಎಲ್3/ಲಿಬ್. ಕೊನೆಯದನ್ನು ಬಿಟ್ಟರೆ ಮತ್ತೆ ಇದೇ ಕಥೆ. ನಂತರ ‘ಮೇಕ್’, ‘ಮೇಕ್ ಟೆಸ್ಟ್’. ಟೆಸ್ಟ್‌ಗೆ ಹೊತ್ತು ಹಿಡಿಯುತ್ತದೆಂದು ಹಾರಿಸಬೇಡಿ. ಎಲ್ಲ ಪಾಸಾದ ಮೇಲೆ ‘ಇನ್‌ಸ್ಟಾಲ್_ಎಸ್‌ಡಬ್ಲ್ಯು’ ಮತ್ತು ‘ಇನ್‌ಸ್ಟಾಲ್_ಎಸ್‌ಎಸ್‌ಎಲ್‌ಡಿರ್ಸ್’ ಓಡಿಸಿದರೆ ಸಾಕು, ಮ್ಯಾನ್ ಪೇಜ್‌ಗಳ ಇನ್‌ಸ್ಟಾಲ್ ತಪ್ಪುತ್ತದೆ. ತೆರೆದೇ ಇರುವ ಬ್ಯಾಷ್ ಹಳೆಯ ಪಾತ್ ನೆನಪಿಟ್ಟುಕೊಂಡಿರುತ್ತದೆ, ‘ಹ್ಯಾಷ್ -ಆರ್’ ಕೊಟ್ಟು ಮರೆಸಿ.

ಇನ್ನೊಂದು ಮಾತು. ಸೆಕ್ಯುರಿಟಿ ಸ್ಕ್ಯಾನರ್ 3.0.2 ಎಂಬ ಸಂಖ್ಯೆಗೆ ಕೆಂಪು ಗುರುತು ಹಾಕಿದ್ದಕ್ಕೇ ನೀವು ಅಪ್‌ಗ್ರೇಡ್‌ಗೆ ಹೊರಟಿದ್ದರೆ ಇಷ್ಟೆಲ್ಲ ಬೇಕಿಲ್ಲ. ಉಬುಂಟು ಸೆಕ್ಯುರಿಟಿ ಪ್ಯಾಚ್‌ಗಳನ್ನು 3.0.2ಕ್ಕೇ ತಂದು ಸೇರಿಸುತ್ತದೆ, ಮುಖ್ಯ ಸಂಖ್ಯೆ ಬದಲಾಗುವುದಿಲ್ಲ. ಪ್ಯಾಕೇಜ್‌ನ ಚೇಂಜ್‌ಲಾಗ್‌ನಲ್ಲಿ ಸ್ಕ್ಯಾನರ್ ತೋರಿಸಿದ ಸಿವಿಇ (ಭದ್ರತಾ ದೋಷದ ಗುರುತು) ಸಂಖ್ಯೆ ಹುಡುಕಿ. ನೀವೇ ಕಂಪೈಲ್ ಮಾಡಿದ್ದಕ್ಕೆ ಪ್ಯಾಚ್ ಹಾಕುವ ಹೊಣೆಯೂ ನಿಮ್ಮದೇ.

ಪ್ರಶ್ನೆ: ಹೊಸ ಓಪನ್‌ಎಸ್‌ಎಸ್‌ಎಲ್‌ನಿಂದ ಯಾವ ಸೈಟ್‌ಗೆ ಕನೆಕ್ಟ್ ಮಾಡಿದರೂ ವೆರಿಫೈ ಎರರ್ 20 ಬರುತ್ತದೆ. ಹಳೆಯದರಲ್ಲಿ ಸರಿಯಿದೆ.

ಉತ್ತರ: ನಂಬಬಹುದಾದ ಸರ್ಟಿಫಿಕೇಟ್‌ಗಳನ್ನು ಇಡುವ ಸರ್ಟ್ಸ್ ಫೋಲ್ಡರ್ ಹೊಸದರಲ್ಲಿ ಖಾಲಿ ಇದೆ. ‘ವರ್ಷನ್ -ಡಿ’ ಕೊಟ್ಟರೆ ಅದು ಇರುವ ಜಾಗ ತಿಳಿಯುತ್ತದೆ. ಖಾಲಿ ಫೋಲ್ಡರ್ ತೆಗೆದು, ಅದೇ ಹೆಸರಿನಲ್ಲಿ /ಇಟಿಸಿ/ಎಸ್‌ಎಸ್‌ಎಲ್/ಸರ್ಟ್ಸ್‌ಗೆ ಸಿಮ್‌ಲಿಂಕ್ (ಬೇರೆ ಜಾಗವನ್ನು ತೋರಿಸುವ ಕೊಂಡಿ) ಹಾಕಿ. ವೆರಿಫಿಕೇಷನ್ ಅನ್ನೇ ಆಫ್ ಮಾಡುವುದು ಪರಿಹಾರವಲ್ಲ.

ಪ್ರಶ್ನೆ: ಕಾನ್ಫಿಗರ್ ಹಂತದಲ್ಲೇ ‘ಐಪಿಸಿ/ಸಿಎಂಡಿ.ಪಿಎಂ’ ಸಿಗಲಿಲ್ಲ ಎಂದು ನಿಲ್ಲುತ್ತದೆ.

ಉತ್ತರ: ಅದು ಪರ್ಲ್ ಮಾಡ್ಯೂಲ್. ರೆಡ್‌ಹ್ಯಾಟ್ ಬಳಗದ ಡಿಸ್ಟ್ರೋಗಳಲ್ಲಿ ‘ಪರ್ಲ್-ಐಪಿಸಿ-ಸಿಎಂಡಿ’ ಪ್ಯಾಕೇಜ್ ಹಾಕಿಕೊಳ್ಳಿ.

ಪ್ರಶ್ನೆ: ಉಬುಂಟು 20.04ರಲ್ಲಿ ಓಪನ್‌ಎಸ್‌ಎಸ್‌ಎಲ್ 3 ಹಾಕಿಯಾಯಿತು, ಆದರೂ ಪೈಥಾನ್ 1.1.1 ಎಂದೇ ಹೇಳುತ್ತಿದೆ.

ಉತ್ತರ: ಹೇಳಲೇಬೇಕು. ನಿಮ್ಮ ಪೈಥಾನ್ ಬಿಲ್ಡ್ ಆದದ್ದು ಹಳೆಯ ಲೈಬ್ರರಿ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’ ಜೊತೆ, ಅದು ‘ಎಸ್‌ಒ.3’ ಅನ್ನು ಕೇಳುವುದೇ ಇಲ್ಲ. ಹಳೆಯ ಹೆಸರಿನಲ್ಲಿ ಹೊಸ ಫೈಲಿಗೆ ಸಿಮ್‌ಲಿಂಕ್ ಹಾಕಬೇಡಿ. 1.1ರ ಸಿಂಬಲ್ ವರ್ಷನ್ ಸಿಗದೆ ಅದನ್ನು ನೆಚ್ಚಿದ ಪ್ರೋಗ್ರಾಂಗಳೆಲ್ಲ ಒಟ್ಟಿಗೆ ಕೆಡುತ್ತವೆ. ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದನ್ನು ಬೇರೆ ಪ್ರಿಫಿಕ್ಸ್‌ನಲ್ಲಿ ಬಿಲ್ಡ್ ಮಾಡಿ. ಕಾನ್ಫಿಗರ್‌ನಲ್ಲಿ ‘ವಿತ್-ಓಪನ್‌ಎಸ್‌ಎಸ್‌ಎಲ್’ಗೆ /ಆಪ್ಟ್/ಎಸ್‌ಎಸ್‌ಎಲ್3, ‘ವಿತ್-ಓಪನ್‌ಎಸ್‌ಎಸ್‌ಎಲ್-ಆರ್‌ಪಾತ್’ಗೆ ‘ಆಟೋ’ ಕೊಡಿ. ಪೈಥಾನ್ ಹುಡುಕುವುದು ಆ ಪ್ರಿಫಿಕ್ಸ್‌ನ ‘ಲಿಬ್’ ಫೋಲ್ಡರ್‌ನಲ್ಲಿ. ಮೊದಲ ಉತ್ತರದಲ್ಲಿ ಲಿಬ್‌ಡಿರ್ ಹೇಳಿದ್ದು ಇದಕ್ಕೂ ಅನುಕೂಲ. ‘ಮೇಕ್’ ಮುಗಿದಾಗ ಎಸ್‌ಎಸ್‌ಎಲ್ ಮಾಡ್ಯೂಲ್ ಬಿಲ್ಡ್ ಆಗಲಿಲ್ಲವೆಂಬ ಸಾಲು ಕಂಡರೆ ಇನ್‌ಸ್ಟಾಲ್‌ಗೆ ಹೋಗದೆ ‘ಕಾನ್ಫಿಗ್.ಲಾಗ್’ ತೆರೆದು ನೋಡಿ. ಮೊದಲೇ ಓಡುತ್ತಿರುವ ಸರ್ವೀಸ್‌ಗಳನ್ನು ಹೊಸ ಪೈಥಾನ್‌ಗೆ ತಿರುಗಿಸಿ ರೀಸ್ಟಾರ್ಟ್ ಮಾಡಿ.